ಕಣ್ಣು ಕೆಂಪಾದ್ರೆ ಡಾಕ್ಟ್ರು ಬೆನ್ನುನೋವು ಐತಾ ಅಂತ ಯಾಕೆ ಕೇಳ್ತಾರೆ?

ವಿದ್ಯಾನಗರದ ಹುಡುಗ:
ಎಲ್ರಿಗೂ ನಮಸ್ಕಾರ. ದಾವಣಗೆರೆ, ವಯಸ್ಸು 31, ಎಪಿಎಂಸಿ ಒಳಗೆ ದಲಾಲಿ ಅಂಗಡೀಲಿ ಲೆಕ್ಕ ಬರೀತೀನಿ. ಶನಿವಾರ ಬೆಳಿಗ್ಗೆ ಎದ್ದಾಗ ಬಲಗಣ್ಣು ಸ್ವಲ್ಪ ಕೆಂಪಿತ್ತು, ಈಗ ಮೆಕ್ಕೆಜೋಳದ ಸೀಸನ್ನು, ಯಾರ್ಡ್ ತುಂಬ ಧೂಳು, ಅದೇ ಬಿದ್ದಿರ್ಬೇಕು ಅಂತ ತಣ್ಣೀರಲ್ಲಿ ತೊಳ್ಕೊಂಡು ಕೆಲ್ಸಕ್ಕೆ ಹೋದೆ. ಸಂಜೆ ಹೊತ್ತಿಗೆ ಟ್ಯೂಬ್‌ಲೈಟ್ ಕಡೆ ತಿರುಗೋಕಾಗ್ತಿಲ್ಲ, ಕಣ್ಣಿನ ಆಳದಲ್ಲಿ ಹಲ್ಲುನೋವು ಬಂದಂಗೆ ಸೆಳೆತ, ನೀರು ಸುರಿಯೋದು ಬೇರೆ. ಭಾನುವಾರ ಪೂರ್ತಿ ಕಿಟಕಿ ಮುಚ್ಕೊಂಡು ಮಲ್ಗಿದ್ದೆ. ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ ಹೋದ್ರೆ ಮಿಷಿನ್ ಮುಂದೆ ಗಲ್ಲ ಇಡ್ಸಿ ತುಂಬ ಹೊತ್ತು ನೋಡಿ "ಐರೈಟಿಸ್ ಆಗೈತೆ, ಕಣ್ಣಿನ ಮುಂಭಾಗದ ಒಳಗಡೆ ಉರಿಯೂತ" ಅಂದ್ರು. ಆಮೇಲೆ ಕೇಳಿದ ಪ್ರಶ್ನೆಗಳು ನೋಡ್ರಿ, ಬೆಳಿಗ್ಗೆ ಸೊಂಟ ಹಿಡ್ಕೊಂಡಿರುತ್ತಾ, ಬಾಯಲ್ಲಿ ಹುಣ್ಣಾಗ್ತಾವಾ, ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ, ಚರ್ಮದ ಕಾಯಿಲೆ ಐತಾ, ಭೇದಿ ಆಗಿತ್ತಾ, ಮೂತ್ರ ಉರಿ ಐತಾ, ಗದ್ದೆ ನೀರಲ್ಲಿ ಓಡಾಡ್ತೀರಾ. ನಾನು ಎಲ್ಲಕ್ಕೂ ಇಲ್ಲ ಇಲ್ಲ ಅಂದೆ. ಎರಡು ಡ್ರಾಪ್ಸ್ ಬರ್ಕೊಟ್ರು, ಒಂದು ಗಂಟೆಗೊಂದ್ಸಲ, ಇನ್ನೊಂದು ದಿನಕ್ಕೆ ಮೂರು ಸಲ, ಶುಕ್ರವಾರ ಮತ್ತೆ ಬರೋಕೆ ಹೇಳ್ಯಾರೆ. ರಕ್ತ ಪರೀಕ್ಷೆ ಏನೂ ಬರ್ದಿಲ್ಲ. ಕಣ್ಣಿಗೂ ಬೆನ್ನಿಗೂ ಏನು ಸಂಬಂಧ? ಯಾರಿಗಾದ್ರೂ ಹಿಂಗೆ ಆಗಿದ್ರೆ ಹೇಳ್ರಿ, ಮನೇಲಿ ಹೆಂಡ್ತಿ ತುಂಬ ಹೆದರ್ಕೊಂಡಾಳೆ.

ಹರಿಹರದ ಅಕ್ಕ:
ತಮ್ಮಾ ಇದು ಮದ್ರಾಸ್ ಐ ಇರ್ಬೇಕು ನೋಡಪ್ಪ. 2023ರ ಮಳೆಗಾಲದಲ್ಲಿ ಕರ್ನಾಟಕ ಪೂರ್ತಿ ಬಂದಿತ್ತಲ್ಲ, ನಮ್ಮನೇಲಿ ನಾಲ್ಕು ಜನಕ್ಕೂ ಆಗಿತ್ತು, ವಾರದಲ್ಲಿ ತಾನಾಗೇ ಹೋಯ್ತು. ನಮ್ಮತ್ತೆ ನಂದಿಬಟ್ಟಲು ಹೂವು ನೀರಲ್ಲಿ ನೆನೆಸಿ ಆ ನೀರು ಬಿಡ್ತಿದ್ರು, ತಂಪಾಗೋದು.

ದುರ್ಗದವ:
ಅಕ್ಕಾ, ದಯವಿಟ್ಟು ಹೂವಿನ ನೀರು ಬೇಡ. ನಾನು ಚಿತ್ರದುರ್ಗದಲ್ಲಿ ಕಣ್ಣು ಪರೀಕ್ಷೆ ಮಾಡೋ ಆಪ್ಟೋಮೆಟ್ರಿಸ್ಟ್, ಡಾಕ್ಟ್ರಲ್ಲ, ಹನ್ನೆರಡು ವರ್ಷದಿಂದ ಇದೇ ಕೆಲಸ. ಮದ್ರಾಸ್ ಐ ಆದ್ರೆ ಗೀಜು ಕಟ್ಟುತ್ತೆ, ಬೆಳಿಗ್ಗೆ ರೆಪ್ಪೆ ಅಂಟ್ಕೊಂಡಿರುತ್ತೆ, ಮರಳು ಬಿದ್ದಂಗೆ ಚುಚ್ಚುತ್ತೆ, ಸಾಮಾನ್ಯವಾಗಿ ಒಂದು ಕಣ್ಣಿಂದ ಇನ್ನೊಂದಕ್ಕೆ ಹೋಗುತ್ತೆ, ನೋಟ ಅಷ್ಟಾಗಿ ಕೆಡಲ್ಲ. ಕೆಂಪು ರೆಪ್ಪೆ ಒಳಗಡೇನೂ ಇರುತ್ತೆ, ಬಿಳಿಗುಡ್ಡೆ ಪೂರ್ತೀನೂ ಇರುತ್ತೆ. ಈ ತಮ್ಮ ಹೇಳ್ತಿರೋದು ಬೇರೆ ಥರ. ಗೀಜಿಲ್ಲ, ಬರೀ ನೀರು, ಬೆಳಕು ಕಂಡ್ರೆ ನೋವು, ಆಳದ ಸೆಳೆತ. ತಮ್ಮಾ, ಕನ್ನಡೀಲಿ ನೋಡ್ಕೊಂಡು ಹೇಳಿ, ಕೆಂಪು ಕರಿಗುಡ್ಡೆ ಸುತ್ತ ಉಂಗುರದ ಥರ ಜಾಸ್ತಿ ಐತಾ? ಎಡಗಣ್ಣಿಗೆ ಟಾರ್ಚ್ ಬಿಟ್ರೆ ಬಲಗಣ್ಣು ನೋಯುತ್ತಾ?

ವಿದ್ಯಾನಗರದ ಹುಡುಗ:
ಹೌದಣ್ಣ ಕರಿಗುಡ್ಡೆ ಅಂಚಿಗೇ ಕೆಂಪು, ರೆಪ್ಪೆ ಕಡೆ ಹೋದಂಗೆ ಕಮ್ಮಿ. ಮೊಬೈಲ್ ಟಾರ್ಚು ಚೆನ್ನಾಗಿರೋ ಕಣ್ಣಿಗೆ ಬಿಟ್ಟೆ, ನೋವಾಗಿದ್ದು ಈ ಕಣ್ಣಲ್ಲಿ, ಮುಚ್ಕೊಂಡಿದ್ರೂ! ಇದು ಹೆಂಗೆ?

ದುರ್ಗದವ:
ಎರಡೂ ಕಣ್ಣಿನ ಪಾಪೆ ಜೋಡೆತ್ತಿದ್ದಂಗೆ, ಒಂದು ಕಣ್ಣಿಗೆ ಬೆಳಕು ಬಿದ್ರೆ ಎರಡೂ ಒಟ್ಟಿಗೆ ಕುಗ್ಗುತ್ವೆ. ಪಾಪೆ ಸುತ್ತ ಇರೋ ಕಂದು ಪರದೆ, ಐರಿಸ್, ಅದೇ ಬಾತ್ಕೊಂಡಿದ್ರೆ ಕುಗ್ಗುವಾಗ ನೋಯದೇ ಇನ್ನೇನಾಗುತ್ತೆ. ಐರಿಸ್, ಅದರ ಹಿಂದಿರೋ ಸಿಲಿಯರಿ ಬಾಡಿ, ಕಣ್ಣಿನ ಹಿಂಭಾಗದ ಕೋರಾಯ್ಡ್, ಈ ಮೂರೂ ಸೇರಿ ಯೂವಿಯಾ. ಲ್ಯಾಟಿನ್‌ನಲ್ಲಿ ದ್ರಾಕ್ಷಿಗೆ ಇರೋ ಪದದಿಂದ ಬಂದಿದ್ದು, ಹೊರಗಿನ ಬಿಳಿ ಪದರ ಸುಲಿದ್ರೆ ಒಳಗಡೆ ಕಪ್ಪು ದ್ರಾಕ್ಷಿ ಥರಾನೇ ಕಾಣುತ್ತೆ ಅಂತ. ಪೂರ್ತಿ ರಕ್ತನಾಳಗಳೇ ತುಂಬಿರೋ ಪದರ ಅದು, ಹಂಗಾಗಿ ಮೈಯಲ್ಲಿ ಬೇರೆಲ್ಲೋ ಏನೋ ನಡೀತಿದ್ರೂ ಇಲ್ಲಿ ಬಂದು ಕಾಣಿಸ್ಕೊಳ್ಳುತ್ತೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಇನ್ನು ಆ ಮಿಷಿನ್ನು, ಸ್ಲಿಟ್ ಲ್ಯಾಂಪ್ ಅದು. ಅದಿಲ್ದೆ ಐರೈಟಿಸ್ ಅಂತ ಖಚಿತವಾಗಿ ಹೇಳೋಕಾಗಲ್ಲ, ಎಂಥ ದೊಡ್ಡ ಡಾಕ್ಟ್ರಾದ್ರೂ ಬರೀ ಟಾರ್ಚ್‌ನಲ್ಲಿ ಆಗಲ್ಲ. ನಮ್ಮ ಕಡೆ ಹಳೇ ಮಾಳಿಗೆ ಮನೇಲಿ ಬೆಳಕಿಂಡಿ ಇರ್ತಿತ್ತಲ್ಲ, ಮಧ್ಯಾಹ್ನ ಅದ್ರಿಂದ ಕೋಲು ಬಿಸಿಲು ಬಿದ್ರೆ ಕತ್ತಲೆ ಕೋಣೇಲಿ ಧೂಳಿನ ಕಣ ಕುಣಿಯೋದು ಕಾಣೋದು. ಅದೇ ಉಪಾಯ. ರೂಮ್ ಕತ್ತಲೆ ಮಾಡಿ 1 ಮಿಲಿಮೀಟರ್ ಉದ್ದ 1 ಮಿಲಿಮೀಟರ್ ಅಗಲದ ಬೆಳಕನ್ನ ಓರೆಯಾಗಿ ಬಿಡ್ತಾರೆ, ಕರಿಗುಡ್ಡೆ ಹಿಂದೆ ಇರೋ ನೀರು ಆರೋಗ್ಯವಾಗಿದ್ರೆ ಅಲ್ಲಿ ಏನೂ ಕಾಣಲ್ಲ, ಬರೀ ಕಪ್ಪು. ಉರಿಯೂತ ಇದ್ರೆ ಬಿಳಿ ರಕ್ತಕಣಗಳು ತೇಲಾಡ್ತಿರ್ತಾವೆ, ಅವನ್ನ ಒಂದೊಂದೇ ಎಣಿಸ್ತಾರೆ. 6ರಿಂದ 15 ಕಂಡ್ರೆ 1 ಪ್ಲಸ್, 16ರಿಂದ 25 ಆದ್ರೆ 2 ಪ್ಲಸ್, 50 ದಾಟಿದ್ರೆ 4 ಪ್ಲಸ್. ಈ ಲೆಕ್ಕ ಬೇರೆ ಬೇರೆ ದೇಶದ ತಜ್ಞರು ಕೂತು ಒಪ್ಕೊಂಡು 2005ರಲ್ಲಿ ಪ್ರಕಟ ಮಾಡಿರೋದು, ಹಂಗಾಗಿ ದಾವಣಗೆರೇಲಿ ಬರೆದ ಚೀಟಿ ಬೆಂಗಳೂರಲ್ಲಿ ನೋಡಿದ್ರೂ ಒಂದೇ ಅರ್ಥ. ಕಣ ಅಲ್ದೆ ಪ್ರೋಟೀನ್ ಸೋರಿ ಆ ನೀರೇ ಗಂಜಿ ತಿಳಿ ಥರ ಮಬ್ಬಾಗಿರುತ್ತೆ, ಅದಕ್ಕೆ ಫ್ಲೇರ್ ಅಂತಾರೆ. ಪಾಪೆ ದೊಡ್ಡದು ಮಾಡೋ ಡ್ರಾಪ್ಸ್ ಹಾಕೋಕೆ ಮುಂಚೆನೇ ಇದನ್ನ ನೋಡ್ಬೇಕು, ಆಮೇಲಾದ್ರೆ ಐರಿಸ್‌ನಿಂದ ಬಣ್ಣದ ಕಣ ಉದುರಿ ಲೆಕ್ಕ ತಪ್ಪುತ್ತೆ. ನಿಮ್ಮ ಚೀಟೀಲಿ ಏನ್ ಬರ್ದಿದಾರೆ?

ವಿದ್ಯಾನಗರದ ಹುಡುಗ:
2 ಪ್ಲಸ್ ಅಂತ ಐತೆ. ಕೆಳಗೆ ಸೈನೆಕಿಯಾ ಅಂತ ಬರ್ದು ಗಡಿಯಾರದ ಥರ ಒಂದು ಗುಂಡು ಹಾಕಿ 5 ಮತ್ತೆ 7ರ ಜಾಗದಲ್ಲಿ ಗುರುತು ಮಾಡ್ಯಾರೆ. ಐಓಪಿ 11.

ದುರ್ಗದವ:
ಸೈನೆಕಿಯಾ ಅಂದ್ರೆ ಐರಿಸ್ಸು ಹಿಂದಿರೋ ಲೆನ್ಸಿಗೆ ಅಂಟ್ಕೊಂಡೈತೆ ಅಂತ, ಎರಡು ಕಡೆ. ದಿನಕ್ಕೆ ಮೂರು ಸಲ ಅಂತ ಕೊಟ್ಟಿರೋ ಡ್ರಾಪ್ಸ್ ಐತಲ್ಲ, ಪಾಪೆ ಹಿಗ್ಗಿಸಿ ಆ ಅಂಟು ಬಿಡಿಸೋಕೇ ಅದು, ನೋವೂ ಅದರಿಂದಾನೇ ಕಮ್ಮಿ ಆಗೋದು. ಹತ್ತಿರದ್ದು ಮಸುಕಾಗುತ್ತೆ, ಬಿಸಿಲು ಕುಕ್ಕುತ್ತೆ, ಅದಕ್ಕೆ ಹೆದರಿ ಬಿಡ್ಬೇಡಿ, ಬೈಕ್ ಮಾತ್ರ ಓಡಿಸ್ಬೇಡಿ. ಅಂಟು ಸುತ್ತ ಪೂರ್ತಿ ಕೂತ್ಬಿಟ್ರೆ ಒಳಗಿನ ನೀರು ಮುಂದಕ್ಕೆ ಬರೋಕೆ ದಾರಿ ಇರಲ್ಲ, ಪ್ರೆಶರ್ ಏರಿ ಕಣ್ಣಿನ ನರ ಕೆಡಿಸೋ ಗ್ಲಾಕೋಮಾ ಆಗುತ್ತೆ. ಐಓಪಿ ಅಂದ್ರೆ ಕಣ್ಣೊಳಗಿನ ಪ್ರೆಶರ್, 11 ಒಳ್ಳೇದೇ, ಐರೈಟಿಸ್‌ನಲ್ಲಿ ಸಾಮಾನ್ಯವಾಗಿ ಪ್ರೆಶರ್ ಇಳಿದಿರುತ್ತೆ. ಏರಿದ್ರೆ ಹರ್ಪಿಸ್ ವೈರಸ್ ಅನುಮಾನ ಬರುತ್ತೆ.

ಒಂದು ಮಾತು ಕೇಳ್ತೀನಿ ನಿಜ ಹೇಳಿ. ಇದೇ ಮೊದಲ ಸಲಾನಾ? ಮತ್ತೆ ಬೆನ್ನು, ನಿಜವಾಗ್ಲೂ ಏನೂ ಇಲ್ವಾ?

ಭರಮಸಾಗರ:
ಮಧ್ಯೆ ಬರ್ತಿದೀನಿ ಕ್ಷಮಿಸಿ. ಡ್ರಾಪ್ಸ್ ವಿಷಯಕ್ಕೆ ಎಲ್ರೂ ಇದನ್ನ ಓದ್ಲೇಬೇಕು. ಎರಡು ವರ್ಷದ ಹಿಂದೆ ನಮ್ಮಣ್ಣನಿಗೆ ಮೆಕ್ಕೆಜೋಳ ಮುರಿಯುವಾಗ ಗರಿ ಕಣ್ಣಿಗೆ ಹೊಡೀತು. ಕೆಂಪಾಯ್ತು, ಮೆಡಿಕಲ್ ಶಾಪಲ್ಲಿ ಕೇಳಿ ಒಂದು ಡ್ರಾಪ್ಸ್ ತಂದ್ವಿ, ಅದರಲ್ಲಿ ಸ್ಟೆರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಗಿದ್ದು. ಎರಡು ದಿನ ನೋವು ಕಮ್ಮಿ ಆಯ್ತು ಅಂತ ಖುಷಿಯಾಗಿದ್ವಿ, ಹತ್ತನೇ ದಿನಕ್ಕೆ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಅದು ಫಂಗಸ್ ಹುಣ್ಣು. ಸ್ಟೆರಾಯ್ಡ್ ಹಾಕಿದ್ದಕ್ಕೆ ಅದು ಗೊಬ್ಬರ ಹಾಕ್ದಂಗೆ ಬೆಳೀತು. ಈಗ ಆ ಕಣ್ಣಲ್ಲಿ ಬೆಳಕು ಕತ್ತಲೆ ಬಿಟ್ರೆ ಏನೂ ಕಾಣಲ್ಲ ಅಣ್ಣಂಗೆ, 38 ವರ್ಷ.

ದುರ್ಗದವ:
ಓದಿ ಸಂಕಟ ಆಯ್ತಣ್ಣ. ಕರಿಗುಡ್ಡೆ ಮೇಲೆ ಗಾಯ ಐತಾ ಅಂತ ತಿಳಿಯೋಕೆ ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡ್ತಾರೆ, ಗಾಯ ಇರೋ ಜಾಗ ಹಸಿರಾಗಿ ಹೊಳೆಯುತ್ತೆ. ಎರಡೇ ನಿಮಿಷದ ಕೆಲಸ. ಹರ್ಪಿಸ್ ಹುಣ್ಣು ಮರದ ಕೊಂಬೆ ಥರ ಕಾಣುತ್ತೆ, ಅಲ್ಲೂ ಬರೀ ಸ್ಟೆರಾಯ್ಡ್ ಬಿಟ್ರೆ ಹುಣ್ಣು ಹರಡುತ್ತೆ. ಐರೈಟಿಸ್‌ಗೆ ಸ್ಟೆರಾಯ್ಡೇ ಔಷಧಿ, ಫಂಗಸ್ಸಿಗೆ ಅದೇ ವಿಷ, ಹೊರಗಿಂದ ನೋಡಿದ್ರೆ ಎರಡೂ ಬರೀ ಕೆಂಪು ಕಣ್ಣು. ಅಂಗಡಿ ಕೌಂಟರ್ ಆಚೆ ನಿಂತವರಿಗೆ ಹೆಂಗೆ ಗೊತ್ತಾಗುತ್ತೆ?

ವಿದ್ಯಾನಗರದ ಹುಡುಗ:
ದುರ್ಗದಣ್ಣಾ, ನೀವು ಕೇಳಿದ್ದಕ್ಕೆ ರಾತ್ರಿ ಪೂರ್ತಿ ಯೋಚ್ನೆ ಮಾಡ್ದೆ. ಮೊದಲ ಸಲ ಅಲ್ಲ. ಹೋದ ವರ್ಷ ದೀಪಾವಳಿ ಟೈಮಲ್ಲಿ ಎಡಗಣ್ಣಿಗೆ ಇದೇ ಥರ ಆಗಿತ್ತು, ಮೆಡಿಕಲ್‌ನಲ್ಲಿ ಡ್ರಾಪ್ಸ್ ತಗೊಂಡು ಹತ್ತು ದಿನ ಹಾಕಿದ್ದೆ, ಹೋಯ್ತು, ಮರ್ತೂ ಬಿಟ್ಟಿದ್ದೆ, ಬೇರೆ ಕಣ್ಣಲ್ವಾ ಅಂತ ಡಾಕ್ಟ್ರಿಗೆ ಹೇಳ್ಲಿಲ್ಲ. ಬೆನ್ನಿನ ವಿಷಯಾನೂ ಅಷ್ಟೇ. ಐದಾರು ವರ್ಷದಿಂದ ಬೆಳಿಗ್ಗೆ ಎದ್ದಾಗ ಸೊಂಟ ಮರದ ದಿಮ್ಮಿ ಥರ, ಶೂ ಲೇಸ್ ಕಟ್ಟೋಕೆ ಬಗ್ಗೋಕಾಗಲ್ಲ, ಸ್ನಾನ ಮಾಡಿ ಓಡಾಡಿದ್ರೆ ಒಂದು ತಾಸಲ್ಲಿ ಸಡಿಲ ಆಗುತ್ತೆ. ಬೆಳಗಿನ ಜಾವ ಎಷ್ಟೋ ಸಲ ನೋವಿಗೇ ಎಚ್ಚರ ಆಗುತ್ತೆ. ಕುರ್ಚೀಲಿ ಕೂತು ಕೂತು ಅಂದ್ಕೊಂಡಿದ್ದೆ, ನಮ್ಮಪ್ಪನಿಗೂ ಹಿಂಗೇ ಇತ್ತು, ಅವರು ಹಮಾಲಿ ಮಾಡ್ತಿದ್ರಲ್ಲ ಮೂಟೆ ಹೊತ್ತಿದ್ದಕ್ಕೆ ಅಂತ ಎಲ್ರೂ ಅಂದ್ಕೊಂಡಿದ್ವಿ, ಕೊನೇಲಿ ಅವರು ಪೂರ್ತಿ ಬಗ್ಗಿ ಹೋಗಿದ್ರು, ತಲೆ ಎತ್ತಿ ಮುಖ ನೋಡೋಕಾಗ್ತಿರ್ಲಿಲ್ಲ. ಕಣ್ಣಿನ ಡಾಕ್ಟ್ರು ಕೇಳ್ದಾಗ ಇದೆಲ್ಲ ಯಾಕೆ ಹೇಳೋದು, ಹೊರಗೆ ಇಷ್ಟು ಜನ ಕಾಯ್ತಿದಾರೆ ಅಂತ ಇಲ್ಲ ಅಂದ್ಬಿಟ್ಟೆ.

ದುರ್ಗದವ:
ನಾಳೆ ಶುಕ್ರವಾರ ಹೋದಾಗ ಇದನ್ನ ಇದ್ದಂಗೆ ಹೇಳಿ. ಬರ್ದುಕೊಂಡು ಹೋಗಿ. ಕೂತ್ರೆ ಮಲಗಿದ್ರೆ ಜಾಸ್ತಿ, ಓಡಾಡಿದ್ರೆ ಕಮ್ಮಿ ಅನ್ನೋ ಬೆನ್ನುನೋವು, ಅದೂ ಚಿಕ್ಕ ವಯಸ್ಸಲ್ಲಿ ಶುರುವಾಗಿರೋದು, ಮೂಟೆ ಹೊತ್ತು ಬರೋ ನೋವಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಬೆನ್ನೆಲುಬಿನ ಉರಿಯೂತ ಹಿಂಗಿರುತ್ತೆ. ಆ ಕಾಯಿಲೆಗೂ ಎಚ್‌ಎಲ್‌ಎ ಬಿ27 ಅನ್ನೋ ಜೀನಿಗೂ ನಂಟು ಐತೆ ಅಂತ 1973ರಲ್ಲೇ ಗೊತ್ತಾಗಿದ್ದು, ಅದೇ ಜೀನು ಇರೋರಿಗೆ ಐರೈಟಿಸ್ಸೂ ಜಾಸ್ತಿ. ಅದರದ್ದೊಂದು ಲಕ್ಷಣ, ಇದ್ದಕ್ಕಿದ್ದಂಗೆ ಬರುತ್ತೆ, ಒಂದು ಸಲ ಎಡ ಒಂದು ಸಲ ಬಲ. ನಿಮ್ಮದು ಅದೇ ಅಂತ ನಾನು ಹೇಳ್ತಿಲ್ಲ. ಡಾಕ್ಟ್ರು ಪರೀಕ್ಷೆ ಬರೀದೇ ಇದ್ದಿದ್ದು ಯಾಕೆ ಅಂತ ಮಾತ್ರ ಈಗ ಅರ್ಥ ಆಗ್ತಿದೆ, ಮೊದಲ ಸಲ, ಒಂದೇ ಕಣ್ಣು, ಬೇರೆ ಏನೂ ಇಲ್ಲ ಅಂತ ನೀವೇ ಹೇಳಿದ್ರಿ.

ಕೆಟಿಜೆ ನಗರ:
ನನಗೆ ಒಪ್ಪಿಗೆ ಆಗ್ಲಿಲ್ಲ ಸರ್. ರೋಗಿ ಮರೀತಾನೆ, ನಾಚ್ಕೋತಾನೆ. ಮೊದಲನೇ ದಿನವೇ ಎಲ್ಲಾ ರಕ್ತ ಪರೀಕ್ಷೆ ಮಾಡ್ಸಿದ್ರೆ ಗೊತ್ತಾಗ್ತಿತ್ತಲ್ಲ? ಮಾಸ್ಟರ್ ಹೆಲ್ತ್ ಚೆಕಪ್ ಅಂತ ಪ್ಯಾಕೇಜೇ ಇರ್ತಾವೆ.

ದುರ್ಗದವ:
ಸರ್ ನಿಮ್ಮ ಕಾಳಜಿ ಸರಿ, ಆದ್ರೆ ಬಲೆ ಬೀಸಿದಂಗೆ ಟೆಸ್ಟ್ ಮಾಡ್ಸಿದ್ರೆ ಸುಳ್ಳು ಮೀನೇ ಜಾಸ್ತಿ ಸಿಗೋದು. ಬಿ27 ಇರೋರಲ್ಲಿ ಬಹಳಷ್ಟು ಜನಕ್ಕೆ ಜೀವಮಾನದಲ್ಲಿ ಏನೂ ಆಗಲ್ಲ. ಟಿಬಿಗೆ ಅಂತ ಚರ್ಮಕ್ಕೆ ಚುಚ್ಚಿ ನೋಡೋ ಮಾಂಟೂ ಟೆಸ್ಟ್ ನಮ್ಮ ದೇಶದಲ್ಲಿ ಕಾಯಿಲೆ ಇಲ್ಲದ ಎಷ್ಟೋ ಜನಕ್ಕೆ ಪಾಸಿಟಿವ್ ಬರುತ್ತೆ, ಅಷ್ಟಕ್ಕೇ ಟಿಬಿ ಔಷಧಿ ತಿಂಗಳುಗಟ್ಟಲೆ ಶುರು ಮಾಡೋಕಾಗುತ್ತಾ? ಮತ್ತೆ ಬರ್ತಿದ್ರೆ, ಎರಡೂ ಕಣ್ಣಿಗೆ ಒಟ್ಟಿಗೆ ಬಂದ್ರೆ, ತುಂಬ ಜೋರಿದ್ರೆ, ಕಣ್ಣಿನ ಹಿಂಭಾಗಕ್ಕೂ ಹರಡಿದ್ರೆ ಪರೀಕ್ಷೆ ಬೇಕೇ ಬೇಕು. ಇನ್ನೊಂದು ಗುರುತು, ಕರಿಗುಡ್ಡೆ ಹಿಂಬದೀಲಿ ಕಣಗಳು ಗುಂಪಾಗಿ ಕೂತಿರ್ತಾವೆ, ಕುರಿ ಸಾರು ಆರಿದ ಮೇಲೆ ಕೊಬ್ಬು ಕಟ್ಟಲ್ವಾ ಹಂಗೆ ದಪ್ಪ ದಪ್ಪ ಇದ್ರೆ ಟಿಬಿ, ಮೈಯೊಳಗೆ ಸಣ್ಣ ಗಂಟುಗಳಾಗೋ ಸಾರ್ಕಾಯ್ಡೋಸಿಸ್ ಥರದ್ದು ಹುಡುಕ್ತಾರೆ, ಆಗ ಎದೆ ಎಕ್ಸ್‌ರೇ, ಮಾಂಟೂ ಎಲ್ಲ. ಲೈಂಗಿಕ ಸಂಪರ್ಕದಿಂದ ಹರಡೋ ಸಿಫಿಲಿಸ್ ಪರೀಕ್ಷೆ ಬರೆದ್ರೆ ಬೇಜಾರು ಮಾಡ್ಕೋಬಾರ್ದು, ಅದು ಯಾವ ವೇಷದಲ್ಲಾದ್ರೂ ಬರುತ್ತೆ, ಸಿಕ್ಕಿದ್ರೆ ಪೆನ್ಸಿಲಿನ್‌ಗೆ ವಾಸಿ ಆಗುತ್ತೆ. ಇಷ್ಟೆಲ್ಲ ಮಾಡಿದ್ರೂ ಸುಮಾರು ಅರ್ಧದಷ್ಟು ಜನಕ್ಕೆ ಕಾರಣ ಸಿಗೋದೇ ಇಲ್ಲ.

ಮಲೇಬೆನ್ನೂರು ರೈತ:
ಗದ್ದೆ ನೀರು ಯಾಕೆ ಕೇಳ್ತಾರೆ ಅಂತ ನಾನು ಹೇಳ್ತೀನಿ ಕೇಳ್ರಿ. ಭದ್ರಾ ಚಾನಲ್ ನೀರಿನ ಗದ್ದೆ ನಮ್ದು. ನಾಟಿ ಟೈಮಲ್ಲಿ ಜ್ವರ ಬಂತು, ಮೀನಖಂಡ ಹಿಡಿದು ಹಿಂಡಿದಂಗೆ ನೋವು, ಇಲಿ ಜ್ವರ ಅಂದ್ರು, ವಾಸಿ ಆಯ್ತು. ಎರಡು ತಿಂಗಳಾದ ಮೇಲೆ ಎರಡೂ ಕಣ್ಣು ಕೆಂಪು, ಮಂಜು ಮಂಜು. ಆಗ ಜ್ವರದ ನೆನಪೇ ಇರ್ಲಿಲ್ಲ ನನಗೆ. ಕಣ್ಣಿನ ಡಾಕ್ಟ್ರು ಕೇಳಿ ಕೇಳಿ ಹೊರಗೆ ತೆಗೆದ್ರು. ಇಲಿ ಮೂತ್ರ ಸೇರಿದ ನೀರಿಂದ ಕಾಲಿನ ಗಾಯದಲ್ಲಿ ಹೊಕ್ಕಿರೋದಂತೆ.

ದುರ್ಗದವ:
ಯಜಮಾನ್ರೇ ಇದು ಬಹಳ ಮುಖ್ಯ. 1993ರಲ್ಲಿ ತಮಿಳುನಾಡಲ್ಲಿ ದೊಡ್ಡ ಪ್ರವಾಹ ಬಂದು ಆಮೇಲೆ ಮಧುರೈ ಕಡೆ ಹಿಂಗೇ ಗುಂಪು ಗುಂಪಾಗಿ ಜನಕ್ಕೆ ಕಣ್ಣಿನ ಉರಿಯೂತ ಬಂದಿತ್ತು, ಹುಡುಕಿದ್ರೆ ಇಲಿ ಜ್ವರ. ಅಲ್ಲಿಂದ ದಕ್ಷಿಣ ಭಾರತದ ಕಣ್ಣಿನ ಡಾಕ್ಟ್ರು ಗದ್ದೆ, ದನ, ಪ್ರವಾಹದ ನೀರು ಎಲ್ಲ ಕೇಳ್ತಾರೆ.

ಜಗಳೂರು ಅಮ್ಮ:
ಇಲ್ಲಿ ಎಲ್ರೂ ಕೆಂಪು, ನೋವು ಅಂತಿದೀರಿ, ನನ್ನ ಮಗಳದ್ದು ಹಂಗೇ ಇರ್ಲಿಲ್ಲ, ಅದಕ್ಕೇ ಬರೀತಿದೀನಿ. ನಾಲ್ಕು ವರ್ಷ ಇದ್ದಾಗ ಮೊಣಕಾಲು ಬಾತ್ಕೊಂಡಿತ್ತು, ಅಂಗನವಾಡೀಲಿ ಬಿದ್ದಿರ್ಬೇಕು ಅಂತ ಬಿಟ್ಟಿದ್ವಿ. ಕಣ್ಣು ಬೆಳ್ಳಗೇ ಇತ್ತು, ಒಂದು ದಿನವೂ ಕಣ್ಣು ನೋವು ಅಂದೋಳಲ್ಲ. ಆರು ತಿಂಗಳಾದ ಮೇಲೆ ಟಿವಿ ಹತ್ರ ಹೋಗಿ ನೋಡೋಕೆ ಶುರು ಮಾಡಿದ್ಲು. ಆಸ್ಪತ್ರೇಲಿ ತೋರಿಸಿದ್ರೆ ಒಳಗೆ ಐರಿಸ್ ಅಂಟ್ಕೊಂಡು ಪಾಪೆ ಗುಂಡಗಿರದೆ ಹೂವಿನ ಎಸಳಿನ ಥರ ಆಗಿತ್ತು, ಪೊರೆಯೂ ಶುರುವಾಗಿತ್ತು. ಮಕ್ಕಳ ಕೀಲುವಾತ ಅಂತೆ, ಎಎನ್‌ಎ ಅನ್ನೋ ರಕ್ತ ಪರೀಕ್ಷೆ ಪಾಸಿಟಿವ್. ಕೀಲುವಾತ ಅಂದ ದಿನವೇ ಕಣ್ಣೂ ತೋರಿಸ್ಬೇಕಿತ್ತು, ಈಗ ಮೂರು ತಿಂಗಳಿಗೊಂದು ಸಲ ಸ್ಲಿಟ್ ಲ್ಯಾಂಪ್ ಮುಂದೆ ಕೂರಿಸ್ತೀವಿ, ಕಣ್ಣು ಚೆನ್ನಾಗಿ ಕಂಡ್ರೂ. ಮೊದಲ ಆರು ತಿಂಗಳು ಹೋಗಿದ್ದು ವಾಪಸ್ ಬರಲ್ಲ, ಅದು ದಿನಾ ಕಾಡುತ್ತೆ ನನಗೆ. ಯಾರ ಮನೇಲಿ ಮಗುವಿನ ಕೀಲು ಬಾತಿದ್ರೂ ದಯವಿಟ್ಟು ಕಣ್ಣು ತೋರಿಸಿ.

ಹರಿಹರದ ಅಕ್ಕ:
ಅಮ್ಮಾ ಓದಿ ಕಣ್ಣೀರು ಬಂತು. ನಿಮ್ದೇನೂ ತಪ್ಪಿಲ್ಲ, ಕಾಣದೇ ಇರೋದನ್ನ ಯಾರು ಹೇಳ್ಬೇಕು. ದುರ್ಗದಣ್ಣಾ, ನಮ್ಮ ಮಾವನಿಗೆ ಹಣೆ ಮೇಲೆ ಸರ್ಪಸುತ್ತು ಆಗೈತೆ ಮೂರು ದಿನದಿಂದ, ನಾಟಿ ಔಷಧಿ ಹಚ್ಚಿಸ್ತಿದೀವಿ. ಇವತ್ತು ಆ ಕಡೆ ಕಣ್ಣು ಸ್ವಲ್ಪ ಕೆಂಪೈತೆ. ಇದನ್ನ ಓದಿದ ಮೇಲೆ ಭಯ ಆಗ್ತೈತೆ.

ದುರ್ಗದವ:
ಅಕ್ಕಾ ಮೂಗಿನ ತುದೀಲಿ ಗುಳ್ಳೆ ಐತಾ ನೋಡಿ. ಮೂಗಿನ ತುದಿಗೂ ಕಣ್ಣೊಳಗೂ ಹೋಗೋ ನರ ಒಂದೇ. ಗುಳ್ಳೆ ಇರ್ಲಿ ಬಿಡ್ಲಿ, ಹಣೆ ಮೇಲೆ ಸರ್ಪಸುತ್ತು ಆಗಿ ಕಣ್ಣು ಕೆಂಪಾಗಿದ್ರೆ ಇವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು. ಸರ್ಪಸುತ್ತಿನ ವೈರಸ್ ತಡೆಯೋ ಮಾತ್ರೆ ಗುಳ್ಳೆ ಎದ್ದು 72 ಗಂಟೆ ಒಳಗೆ ಶುರು ಮಾಡಿದ್ರೆ ಜಾಸ್ತಿ ಉಪಯೋಗ. ಮೂರು ದಿನ ಅಂದ್ರಿ, ತಡ ಮಾಡ್ಬೇಡಿ.

ಹರಿಹರದ ಅಕ್ಕ:
ಮೂಗಿನ ಮೇಲೆ ಎರಡು ಐತೆ. ಹೊರಟ್ವಿ, ನಮ್ಮನೆಯವರು ಆಟೋ ತರೋಕೆ ಹೋದ್ರು.

ವಿದ್ಯಾನಗರದ ಹುಡುಗ:
ಶುಕ್ರವಾರ ಹೋಗಿ ಬಂದೆ. ಚೀಟೀಲಿ ಬರ್ಕೊಂಡು ಹೋಗಿದ್ದನ್ನೇ ಕೈಗೆ ಕೊಟ್ಟೆ. ಡಾಕ್ಟ್ರು ಓದಿ ಒಂದು ನಿಮಿಷ ಸುಮ್ನಿದ್ದು "ಇದನ್ನ ಸೋಮವಾರ ಹೇಳ್ಬೇಕಿತ್ತಲ್ಲಪ್ಪ" ಅಂದ್ರು, ಬೈಲಿಲ್ಲ. ಎಡಗಣ್ಣೂ ನೋಡಿದ್ರು, ಅಲ್ಲೂ ಲೆನ್ಸ್ ಮೇಲೆ ಹಳೇ ಅಂಟಿನ ಕಲೆ ಐತಂತೆ, ಹೋದ ವರ್ಷದ್ದು. ಬಲಗಣ್ಣಲ್ಲಿ ಕಣ 1 ಪ್ಲಸ್‌ಗೆ ಇಳಿದೈತೆ, 7ರ ಜಾಗದ ಅಂಟು ಬಿಟ್ಟೈತೆ, 5ರದ್ದು ಇನ್ನೂ ಹಿಡ್ಕೊಂಡೈತೆ. ಪಾಪೆ ಹಿಗ್ಗಿಸಿ ಹಿಂದಿನ ರೆಟಿನಾನೂ ನೋಡಿದ್ರು, ಚೆನ್ನಾಗೈತೆ ಅಂದ್ರು. ಬಿ27, ಮೈಯಲ್ಲಿ ಉರಿಯೂತ ಐತಾ ಅಂತ ತೋರ್ಸೋ ಸಿಆರ್‌ಪಿ ರಕ್ತ ಪರೀಕ್ಷೆ, ಎದೆ ಎಕ್ಸ್‌ರೇ, ಸೊಂಟದ ಎಕ್ಸ್‌ರೇ ಬರ್ದಾರೆ.

ವಿದ್ಯಾನಗರದ ಹುಡುಗ:
ಹನ್ನೊಂದು ದಿನ ಆದ್ಮೇಲೆ ಬರೀತಿದೀನಿ. ಬಿ27 ಪಾಸಿಟಿವ್. ಎದೆ ಎಕ್ಸ್‌ರೇ ಸರಿ ಐತೆ. ಸೊಂಟದ ಎಕ್ಸ್‌ರೇನೂ ನಾರ್ಮಲ್ ಬಂತು, ನನಗೆ ಗೊಂದಲ ಆಯ್ತು, ಆಮೇಲೆ ಕೀಲುವಾತದ ಡಾಕ್ಟ್ರಿಗೆ ಕಳಿಸಿದ್ರು. ಎಕ್ಸ್‌ರೇಲಿ ಕಾಣೋಕೆ ಎಷ್ಟೋ ವರ್ಷ ಬೇಕಾಗುತ್ತೆ, ಎಂಆರ್‌ಐನಲ್ಲಿ ಮೊದಲೇ ಗೊತ್ತಾಗುತ್ತೆ ಅಂದ್ರು ಅವರು. ಮಾಡಿಸಿದ್ವಿ, ಸೊಂಟದ ಕೆಳಗೆ ಎರಡೂ ಕಡೆ ಕೀಲಲ್ಲಿ ಉರಿಯೂತ ಐತೆ. ದಿನಾ ವ್ಯಾಯಾಮ, ಮಾತ್ರೆ, ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದಾರೆ. ಅಪ್ಪನ ಬೆನ್ನು ಯಾಕೆ ಹಂಗೆ ಬಗ್ಗಿತ್ತು ಅಂತ ಡಾಕ್ಟ್ರಿಗೆ ಫೋಟೋ ತೋರಿಸ್ದೆ, ಮದುವೆ ಮನೇಲಿ ತೆಗೆದಿದ್ದು, ಅವರು ತುಂಬ ಹೊತ್ತು ನೋಡಿದ್ರು. ಅಪ್ಪನ ಕಣ್ಣೂ ಆಗಾಗ ಕೆಂಪಾಗ್ತಿತ್ತು ಅಂತ ಅಮ್ಮ ಈಗ ಹೇಳ್ತಾಳೆ. ಮೂಟೆ ಧೂಳು ಅಂತ ತಣ್ಣೀರು ಬಟ್ಟೆ ಕಟ್ಕೊಂಡು ಮತ್ತೆ ಹಮಾಲಿಗೆ ಹೋಗೋರಂತೆ.

ದುರ್ಗದವ:
ತಮ್ಮಾ... ಏನು ಹೇಳ್ಲಿ. ನಿಮ್ಮದು ಟೈಮಿಗೆ ಸಿಕ್ಕೈತೆ. ಗಂಟೆಗೊಂದ್ಸಲ ಅಂತ ಕೊಟ್ಟಿದ್ದ ಸ್ಟೆರಾಯ್ಡ್ ಡ್ರಾಪ್ಸ್ ಈಗ ಎಷ್ಟು ಸಲ ಹಾಕ್ತಿದೀರಾ? ಬಾಟಲಿ ಅಲ್ಲಾಡಿಸ್ತೀರಾ? ಆ ಔಷಧಿ ತಳದಲ್ಲಿ ಕೂತಿರುತ್ತೆ, ಅಲ್ಲಾಡಿಸ್ದೆ ಹಾಕಿದ್ರೆ ಬರೀ ಮೇಲಿನ ನೀರು ಹೋಗುತ್ತೆ.

ವಿದ್ಯಾನಗರದ ಹುಡುಗ:
ಇಷ್ಟು ದಿನ ಅಲ್ಲಾಡಿಸ್ತಿರ್ಲಿಲ್ಲ ಅಣ್ಣ, ಇವತ್ತಿಂದ ಮಾಡ್ತೀನಿ. ಈಗ ದಿನಕ್ಕೆ ಆರು ಸಲ, ವಾರಕ್ಕೊಂದು ಸಲ ಇಳಿಸ್ಕೊಂಡು ಹೋಗ್ಬೇಕು. ಕೆಂಪು ಹೋಯ್ತು ಅಂತ ನೀನಾಗೇ ನಿಲ್ಲಿಸ್ಬೇಡ, ಮತ್ತೆ ಏಳುತ್ತೆ, ಪ್ರೆಶರ್ ಮತ್ತೆ ಪೊರೆ ನೋಡೋಕೆ ನಾನು ಕರೆದಾಗೆಲ್ಲ ಬರ್ಬೇಕು ಅಂದಾರೆ. ತಮ್ಮನಿಗೂ ಬೆಳಿಗ್ಗೆ ಸೊಂಟ ಹಿಡಿಯುತ್ತಂತೆ, 24 ವರ್ಷ ಅವನಿಗೆ, ಸೋಮವಾರ ಕರ್ಕೊಂಡು ಹೋಗ್ತೀನಿ. ಅಕ್ಕಾ, ನಿಮ್ಮ ಮಾವ ಹೆಂಗಿದಾರೆ?

ಹರಿಹರದ ಅಕ್ಕ:
ಕಣ್ಣೊಳಗೂ ಬಂದಿತ್ತಪ್ಪ, ಪ್ರೆಶರ್ 30 ಇತ್ತಂತೆ. ಮಾತ್ರೆ ಶುರು ಮಾಡಿದ್ರು, ಈಗ ನೋವು ಕಮ್ಮಿ, ನಿನ್ನೆ ಪೇಪರ್ ಓದಿದ್ರು.